ಹಳೇ ರೋಲಿನ ಬಿಸ್ಕತ್ತು

ದೆಹಲಿಯ ಜನಕಪುರಿಯ ಸಿ ಬ್ಲಾಕ್ ಮಾರ್ಕೆಟ್ಟಿನ ಕಿರಾಣಿ ಅಂಗಡಿಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ ಕೊಳ್ಳಲು ಇಂದುಶೇಖರ ಅವರಿಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ಪೊಟ್ಟಣವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಅದರ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಓದುತ್ತಿದ್ದುದು ಕೊನೆಯಿಂದ ಮೊದಲಿಗೆ. ಪಕ್ಕದಲ್ಲಿ ಹತ್ತು ವರ್ಷದ ಮಗಳು ಗಾನವಿ ಮಡಿಸಿದ ಚೀಟಿ ಹಿಡಿದು ನಿಂತಿರುತ್ತಿದ್ದಳು. ಅಪ್ಪ ಒಂದೊಂದು ಪದಾರ್ಥದ ಹೆಸರು ಹೇಳಿದಾಗಲೂ ಅವಳು ಚೀಟಿ ನೋಡಿ ಉತ್ತರ ಕೊಡಬೇಕು.

“ಉಪ್ಪು.”

“ಓಕೆ.”

“ಹಾಲಿನ ಪುಡಿ.”

“ಓಕೆ. ಅಪ್ಪಾ, ಜಲ್ದೀ. ಹಿಂದೆ ಆಂಟಿ ನಿಂತಿದ್ದಾರೆ.”

“ನಿಲ್ಲಲಿ. ಸಕ್ಕರೆ ಪಾಕ.”

ಅಂಗಡಿಯವನು ಗಲ್ಲಕ್ಕೆ ಕೈಕೊಟ್ಟು ಕಾಯುತ್ತಿದ್ದ. “ಅಂಕಲ್‌ಜೀ, ಬಿಸ್ಕುಟ್ ಲೇನಾ ಹೈ ಯಾ ಇಮ್ತಿಹಾನ್ ದೇನಾ ಹೈ?” ಎಂದು ಒಂದು ದಿನ ಕೇಳಿದ. ಬಿಸ್ಕತ್ತು ಬೇಕೋ, ಪರೀಕ್ಷೆ ಬರೆಯಬೇಕೋ. ಸಾಲಿನಲ್ಲಿದ್ದವರು ನಕ್ಕರು. ಅವನು ಪೊಟ್ಟಣದ ಮೂಲೆಯ ಹಸಿರು ಚುಕ್ಕೆಯನ್ನು ಬೆರಳಿನಿಂದ ತೋರಿಸಿ, ಶುದ್ಧ ಶಾಕಾಹಾರಿ, ಇನ್ನೇನು ಚಿಂತೆ ಎಂದ.

“ಕೋಕೋ ಭೀ ಶಾಕಾಹಾರೀ ಹೈ, ಭಯ್ಯಾ” ಎಂದು ಇಂದುಶೇಖರ ತಲೆಯೆತ್ತದೆ ಹೇಳಿ, ಗೋಧಿ ಹಿಟ್ಟಿನವರೆಗೂ ಓದಿ ಮುಗಿಸಿದರು.

ಹೀಗೆ ಹಿಂದಿನಿಂದ ಓದುವುದು ಅವರ ಕಸುಬು. ತುಮಕೂರಿನವರು. 1982ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಒಂದು ಮುದ್ರಣಾಲಯದಲ್ಲಿ ಕನ್ನಡ ಪ್ರೂಫ್ ನೋಡುವ ಕೆಲಸಕ್ಕೆ ದೆಹಲಿಗೆ ಬಂದರು. ಕುಟುಂಬ ಯೋಜನೆ, ಸಣ್ಣ ಉಳಿತಾಯ, ಪೋಲಿಯೋ ಹನಿಗಳ ಬಗ್ಗೆ ಸರ್ಕಾರ ಹೊರಡಿಸುತ್ತಿದ್ದ ಕನ್ನಡ ಕರಪತ್ರಗಳನ್ನು ಆ ಮುದ್ರಣಾಲಯ ಅಚ್ಚು ಹಾಕುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಆ ಕೆಲಸವೆಲ್ಲ ಬೆಂಗಳೂರಿಗೆ ಹೋಯಿತು. 1999ರಲ್ಲಿ ಅವರು ಓಖ್ಲಾ ಎರಡನೇ ಹಂತದಲ್ಲಿರುವ ಒಂದು ಪ್ಯಾಕಿಂಗ್ ಮುದ್ರಣಾಲಯದ ಬಾಗಿಲು ತಟ್ಟಿದರು. ಬಿಸ್ಕತ್ತು, ನಮ್ಕೀನ್ ಕುರುಕಲು, ಸೋಪು, ಚಹಾ ಪುಡಿಯ ಹೊದಿಕೆಗಳು ಅಲ್ಲಿ ಮೈಲುಗಟ್ಟಲೆ ಉದ್ದದ ರೋಲುಗಳಾಗಿ ಅಚ್ಚಾಗುತ್ತವೆ. ಮಾಲೀಕರು ಪರೀಕ್ಷೆಗೆಂದು ಅರಬ್ಬಿಯಲ್ಲಿದ್ದ ಒಂದು ಖರ್ಜೂರದ ಲೇಬಲ್ಲನ್ನೂ ಅದರ ಮೂಲ ಪ್ರತಿಯನ್ನೂ ಮುಂದಿಟ್ಟರು. ಇಂದುಶೇಖರ ಅವರಿಗೆ ಅರಬ್ಬಿಯ ಒಂದಕ್ಷರವೂ ಬಾರದು. ಅರ್ಧ ಗಂಟೆ ಆಕಾರಕ್ಕೆ ಆಕಾರ ಹೋಲಿಸಿ, ನಾಲ್ಕನೇ ಸಾಲಿನಲ್ಲಿ ಒಂದು ಚುಕ್ಕೆ ಬಿಟ್ಟುಹೋಗಿದೆ ಎಂದು ತೋರಿಸಿದರು. ಮಾಲೀಕರು ಮಾರನೆಯ ದಿನದಿಂದಲೇ ಕೆಲಸಕ್ಕೆ ಬರಲು ಹೇಳಿದರು.

ಓದಲು ಬಾರದ ಭಾಷೆಯೇ ಸುಲಭ ಎಂಬುದು ಅವರ ಅಭಿಪ್ರಾಯ. ಬಲ್ಲ ಭಾಷೆಯಾದರೆ ಕಣ್ಣು ಅರ್ಧ ಪದ ನೋಡಿ ಉಳಿದರ್ಧವನ್ನು ತಾನೇ ಕಲ್ಪಿಸಿಕೊಂಡು ಮುಂದೆ ಓಡುತ್ತದೆ. ಹಿಂದಿನಿಂದ ಓದಿದರೆ ಕಲ್ಪಿಸಿಕೊಳ್ಳಲು ಏನೂ ಇರುವುದಿಲ್ಲ.

ಈ ಅಭ್ಯಾಸ ಮನೆಯೊಳಕ್ಕೆ ಬಂದದ್ದು 2002ರಲ್ಲಿ. ಗಾನವಿಗೆ ಆಗ ಆರು ವರ್ಷ. ಕೆಳಗಿನ ಫ್ಲಾಟಿನ ಮಗುವಿನ ಹುಟ್ಟುಹಬ್ಬದಲ್ಲಿ ಕೇಕ್ ತಿಂದು ಮನೆಗೆ ಬಂದವಳ ತುಟಿ ಊದಿಕೊಂಡಿತ್ತು. ಹತ್ತು ನಿಮಿಷದಲ್ಲಿ ಕತ್ತಿನ ತುಂಬ ದದ್ದುಗಳೆದ್ದವು. ಉಸಿರು ಎಳೆದಾಗ ಸೀಟಿಯ ಸದ್ದು ಬರತೊಡಗಿತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ತಾಯಿ ಲೀಲಾವತಿ ಆ ಸದ್ದನ್ನು ಕೇಳಿಸಿಕೊಳ್ಳುತ್ತ, ಅದು ನಿಂತರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಕೂತಿದ್ದರು.

ಆಮೇಲಿನ ಎಂಟು ತಿಂಗಳು ಅನುಮಾನದ ತಿಂಗಳುಗಳು. ಕೇಕಿನಲ್ಲಿ ಮೊಟ್ಟೆ ಇತ್ತು, ಹಾಲಿತ್ತು, ಗೋಡಂಬಿ ಇತ್ತು, ಮೈದಾ ಇತ್ತು. ಲೀಲಾವತಿ ರಾಮಕೃಷ್ಣಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಕಡತ ಬರೆಯುವ ಶಿಸ್ತಿನಲ್ಲೇ ಮಗಳು ತಿಂದದ್ದನ್ನೆಲ್ಲ ಒಂದು ನೋಟ್‌ಪುಸ್ತಕದಲ್ಲಿ ಬರೆದರು. ಹಾಲು ನಿಲ್ಲಿಸಿದರು, ಏನೂ ಆಗಲಿಲ್ಲ. ಹಾಲು ಮತ್ತೆ ಕೊಟ್ಟರು, ಆಗಲೂ ಏನೂ ಆಗಲಿಲ್ಲ. ಮೊಟ್ಟೆ, ಗೋಧಿ, ಗೋಡಂಬಿ ಎಲ್ಲವೂ ಹೀಗೇ ನಿರಪರಾಧಿಗಳಾಗಿ ಹೊರಬಂದವು. ಕೊನೆಗೆ ಸರ್ಕಾರಿ ಆಸ್ಪತ್ರೆಯೊಂದರ ಅಲರ್ಜಿ ವಿಭಾಗದ ವೈದ್ಯೆ ಹುಡುಗಿಯ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಸೂಜಿಯಿಂದ ಚುಚ್ಚಿದರು. ಹನ್ನೊಂದನೆಯ ಹನಿಯ ಜಾಗದಲ್ಲಿ ಮಾತ್ರ ಗುಳ್ಳೆ ಎದ್ದಿತು. ಅದು ಕೋಕೋ.

ವೈದ್ಯೆಗೇ ಪೂರ್ತಿ ನಂಬಿಕೆಯಾಗಲಿಲ್ಲ. ಚಾಕೊಲೇಟ್ ಆಗುವುದಿಲ್ಲ ಎಂದು ಬರುವವರಲ್ಲಿ ಬಹಳ ಮಂದಿಗೆ ತೊಂದರೆ ಕೊಡುವುದು ಅದರೊಳಗಿನ ಹಾಲು ಅಥವಾ ಬೀಜಗಳು. ಇನ್ನು ಕೆಲವರಿಗೆ ಅದು ಅಲರ್ಜಿಯೇ ಅಲ್ಲ, ತಲೆನೋವು, ಹೊಟ್ಟೆಯುರಿ ತರುವ ಒಗ್ಗದಿರುವಿಕೆ ಅಷ್ಟೆ. ಕೋಕೋಗೇ ಅಲರ್ಜಿ ಇರುವುದು ಅಪರೂಪ. ಅದಕ್ಕೇ ಮಗುವನ್ನು ಒಂದು ದಿನ ವಾರ್ಡಿನಲ್ಲಿ ಮಲಗಿಸಿಕೊಂಡು, ಕೋಕೋ ಪುಡಿ ತುಂಬಿದ ಸಣ್ಣ ಕ್ಯಾಪ್ಸೂಲ್ ನುಂಗಿಸಿ ಕಾದರು. ಇಪ್ಪತ್ತೈದನೇ ನಿಮಿಷಕ್ಕೆ ಕೆಮ್ಮು ಬಂತು, ನಲವತ್ತಕ್ಕೆ ದದ್ದು. ವೈದ್ಯೆ ಚುಚ್ಚುಮದ್ದು ಕೊಟ್ಟು, ಕೋಕೋ ಯಾವ ಯಾವ ಹೆಸರಿನಲ್ಲಿ ಬರುತ್ತದೆಂದು ಚೀಟಿ ಬರೆದುಕೊಟ್ಟು, ಒಂದು ಮಾತು ಸೇರಿಸಿದರು. ಹಿಂದಿನ ಸಲ ಸಣ್ಣದಾಗಿ ಬಂತೆಂದು ಮುಂದಿನ ಸಲವೂ ಸಣ್ಣದಾಗಿಯೇ ಬರುತ್ತದೆಂದು ನಂಬಬೇಡಿ.

ಆ ಮಾತು ಇಂದುಶೇಖರ ಅವರ ತಲೆಯಲ್ಲಿ ನಿಂತುಬಿಟ್ಟಿತು.

ಮನೆಯಲ್ಲಿ ಒಂದು ನೀಲಿ ಪೆನ್ಸಿಲ್ ಚೀಲ ಸಿದ್ಧವಾಯಿತು. ಅದರಲ್ಲಿ ಎರಡು ಬಗೆಯ ಮಾತ್ರೆ, ಅಡ್ರಿನಲಿನ್ನಿನ ಒಂದು ಗಾಜಿನ ಆಂಪೂಲು, ಒಂದು ಸಿರಿಂಜು, ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆದ ಸೂಚನೆ. ಆಂಪೂಲಿನ ಕತ್ತು ಮುರಿಯುವುದನ್ನೂ ಸೂಜಿ ಇಳಿಸುವುದನ್ನೂ ಲೀಲಾವತಿ ಕಿತ್ತಳೆ ಹಣ್ಣಿನ ಮೇಲೆ ಕಲಿತರು. ಇಂದುಶೇಖರ ಅವರ ಕೈ ನಡುಗುತ್ತಿದ್ದುದರಿಂದ ಅವರಿಂದ ಆಗಲಿಲ್ಲ. ಅವರ ಪಾಲಿಗೆ ಬಂದದ್ದು ಲೇಬಲ್ ಓದುವುದು.

ಊರಿನ ಸಂಬಂಧಿಕರಿಗೆ ಇದು ಕಾಯಿಲೆ ಅನ್ನಿಸಲಿಲ್ಲ. “ಚಾಕ್ಲೇಟ್ ತಿನ್ನದಿದ್ರೆ ಹಲ್ಲಾದ್ರೂ ಉಳಿಯುತ್ತಲ್ಲ ಬಿಡೆ” ಎಂದು ಲೀಲಾವತಿಯ ಅಕ್ಕ ಫೋನಿನಲ್ಲಿ ಸಮಾಧಾನ ಹೇಳಿದರು. ದೆಹಲಿಯಲ್ಲಿ ಇದ್ದವರಿಗೆ ಗೊತ್ತು, ಚಾಕೊಲೇಟ್ ಎಲ್ಲಿಲ್ಲ ಎಂದು ಹೇಳುವುದೇ ಕಷ್ಟ. ಶಾಲೆಯಲ್ಲಿ ಯಾರ ಹುಟ್ಟುಹಬ್ಬವಾದರೂ ತರಗತಿಗೆಲ್ಲ ಟಾಫಿ ಹಂಚುತ್ತಾರೆ. ಖೋವಾದಲ್ಲಿ ಕಲಬೆರಕೆ ಎಂಬ ಸುದ್ದಿ ಹಬ್ಬಿದ ವರ್ಷಗಳಲ್ಲಿ ದೀಪಾವಳಿಯ ಮಿಠಾಯಿ ಡಬ್ಬಗಳ ಜಾಗಕ್ಕೆ ಹೊಳೆಯುವ ಕಾಗದದ ಚಾಕೊಲೇಟ್ ಪೆಟ್ಟಿಗೆಗಳು ಬಂದವು. ಕಚೇರಿಯಲ್ಲಿ ಸಿಕ್ಕ ಪೆಟ್ಟಿಗೆಯನ್ನು ಇಂದುಶೇಖರ ಗೇಟಿನ ಕಾವಲುಗಾರನಿಗೆ ಕೊಟ್ಟು, ಕೈ ತೊಳೆದುಕೊಂಡು ಚಾರ್ಟರ್ಡ್ ಬಸ್ ಹತ್ತುತ್ತಿದ್ದರು.

ಗಾನವಿಗೆ ಒಂದೇ ನಿಯಮ. ಯಾರು ಏನು ಕೊಟ್ಟರೂ ಬೇಡವೆನ್ನಬೇಕಾಗಿಲ್ಲ, ಜೇಬಿಗೆ ಹಾಕಿಕೊಂಡು ಬಂದು ಅಪ್ಪನ ಕೈಗೆ ಕೊಡಬೇಕು. ನಾಲ್ಕು ವರ್ಷ ಅವಳು ಒಂದು ಟಾಫಿಯನ್ನೂ ಬಿಡದೆ ತಂದುಕೊಟ್ಟಳು. ಟಾಫಿಗಳು ಮುದ್ರಣಾಲಯಕ್ಕೆ ಹೋಗಿ ಅಲ್ಲಿ ಕರಗುತ್ತಿದ್ದವು. “ನನ್ನ ಮಗಳು ನನಗಿಂತ ಒಳ್ಳೇ ಪ್ರೂಫ್ ರೀಡರ್” ಎಂದು ಅವರು ಅಲ್ಲಿ ಹೇಳಿಕೊಳ್ಳುತ್ತಿದ್ದರು.

ಅವಳ ಟಿಫಿನ್ ಡಬ್ಬಿಯ ಸಣ್ಣ ಖಾನೆಯಲ್ಲಿ ದಿನವೂ ಇರುತ್ತಿದ್ದುದು ಜೇನು-ಗೋಧಿಯ ಕಂದು ಬಿಸ್ಕತ್ತು. ನಾಲ್ಕು ವರ್ಷದಿಂದ ಅದೇ. ಅದರ ಹೊದಿಕೆ ಅಚ್ಚಾಗುತ್ತಿದ್ದುದು ಓಖ್ಲಾದ ಅದೇ ಮುದ್ರಣಾಲಯದಲ್ಲಿ. ಅದರ ಪ್ರೂಫ್ ನೋಡಿ ಸಹಿ ಹಾಕಿದ್ದವರು ಇಂದುಶೇಖರ. ಹಾಗಾಗಿ ಅಂಗಡಿಯಲ್ಲಿ ಅದನ್ನೊಂದನ್ನು ಮಾತ್ರ ಅವರು ಬೇಗ ಓದುತ್ತಿದ್ದರು.

2006ರ ನವೆಂಬರ್ 23, ಗುರುವಾರ. ಗಾನವಿಯ ಐದನೇ ತರಗತಿಯನ್ನು ಶಾಲೆಯವರು ಗುಡಗಾಂವ್ ಆಚೆಯ ಸುಲ್ತಾನ್‌ಪುರ ಪಕ್ಷಿಧಾಮಕ್ಕೆ ಕರೆದುಕೊಂಡು ಹೋದರು. ಅವಳು ಹೋಗುತ್ತಿದ್ದ ಮೊದಲ ಪ್ರವಾಸ ಅದು. ಹಿಂದಿನ ಫೆಬ್ರವರಿಯಲ್ಲಿ ರೈಲು ಸಂಗ್ರಹಾಲಯಕ್ಕೆ ಹೊರಟಿದ್ದ ಬೆಳಿಗ್ಗೆ, ತೋಳಿನ ಮೇಲೆ ಎರಡು ಕೆಂಪು ಗುರುತುಗಳಿವೆ ಎಂದು ಅವಳೇ ಬಂದು ತೋರಿಸಿದ್ದಳು. ಇಂದುಶೇಖರ ಅವಳನ್ನು ಕಳಿಸಲಿಲ್ಲ. ಸಂಜೆಯ ಹೊತ್ತಿಗೆ ಅವು ಸೊಳ್ಳೆ ಕಚ್ಚಿದ ಗುರುತುಗಳೆಂದು ತಿಳಿಯಿತು.

ಈ ಸಲ ಅವಳು ಏಳು ಗಂಟೆಗೇ ಬೂಟು ಹಾಕಿಕೊಂಡು ನಿಂತಿದ್ದಳು. ಇಂದುಶೇಖರ ಟಿಫಿನ್ ಕಟ್ಟಿದರು. ಚಪಾತಿ, ಆಲೂಗಡ್ಡೆ ಪಲ್ಯ, ಹನ್ನೊಂದು ಗಂಟೆಯ ತಿಂಡಿಗೆ ಆರು ಬಿಸ್ಕತ್ತು. ನೀಲಿ ಚೀಲವನ್ನು ಟೀಚರ್ ಕೈಗೆ ಕೊಟ್ಟು, ಸೂಚನೆಯನ್ನು ಎರಡು ಸಲ ಓದಿ ಹೇಳಿದರು. ಟೀಚರ್ ಮೂರನೆಯ ಸಲಕ್ಕೆ, “ಮೈಂ ಪಢ್ ಲೂಂಗೀ, ಅಂಕಲ್”, ನಾನೇ ಓದಿಕೊಳ್ಳುತ್ತೇನೆ ಎಂದರು.

ಹತ್ತೂಕಾಲಿಗೆ ಓಖ್ಲಾದಲ್ಲಿ ಅವರ ಮೇಜಿನ ಮೇಲೆ ದಿನದ ಮೊದಲ ಪ್ರೂಫ್ ಬಂದು ಬಿತ್ತು. ಜೇನು-ಗೋಧಿ ಬಿಸ್ಕತ್ತಿನದು. ಹೊಸ ಹೊದಿಕೆ, ಮೂಲೆಯಲ್ಲಿ ಜೇನುಗೂಡಿನ ಹೊಸ ಚಿತ್ರ. ಇಂದುಶೇಖರ ಅಳತೆಪಟ್ಟಿಯನ್ನು ಕೊನೆಯ ಸಾಲಿನ ಕೆಳಗಿಟ್ಟು ಓದತೊಡಗಿದರು. ಉಪ್ಪು. ಹಾಲಿನ ಪುಡಿ. ಆಮೇಲೆ ಬಂದ ಪದವನ್ನು ಅವರು ಮೊದಲು ಅಕ್ಷರಗಳಾಗಿ ಓದಿದರು, ಹಿಂದಿನಿಂದ, ಒಂದೊಂದಾಗಿ. ಆಮೇಲಷ್ಟೇ ಅದು ಪದವಾಯಿತು.

ಕೋಕೋ ಪುಡಿ.

ಮೂಲ ಪ್ರತಿಯಲ್ಲೂ ಅದೇ ಇತ್ತು. ಅಚ್ಚಿನ ತಪ್ಪಲ್ಲ.

ಅವರು ಪ್ರೂಫ್ ಹಿಡಿದು ಪಕ್ಕದ ಕೋಣೆಗೆ ಹೋದರು. ಅಲ್ಲಿ ಕೂರುವವರು ಭಾಟಿಯಾ. ಯಾವ ರೋಲು ಯಾವತ್ತು ಅಚ್ಚಾಗಬೇಕು, ಯಾವತ್ತು ಹೊರಡಬೇಕು ಎಂದು ನೋಡಿಕೊಳ್ಳುವವರು. ಸದಾ ಏನಾದರೂ ತಿನ್ನುತ್ತಿರುವ, ಎಲ್ಲರನ್ನೂ ಛೇಡಿಸುವ ಮನುಷ್ಯ. ಇಂದುಶೇಖರ ಅವರಿಗೆ ಅವರು ಇಟ್ಟ ಹೆಸರು ‘ಉಲ್ಟಾ ಸಾಹೇಬ್’.

“ಈ ಹೊಸ ಬಿಸ್ಕತ್ತು ಯಾವಾಗಿನಿಂದ ಶುರು?” ಎಂದು ಇಂದುಶೇಖರ ಹಿಂದಿಯಲ್ಲಿ ಕೇಳಿದರು.

“ಬಿಸ್ಕತ್ತಾ? ಅದು ಯಾವಾಗಲೋ ಶುರುವಾಯಿತು. ದೀಪಾವಳಿಗೆ ಮುಂಚೆಯೇ. ಬಣ್ಣ ಚೆನ್ನಾಗಿ ಬರಲಿ ಅಂತ ಏನೋ ಹಾಕಿದ್ದಾರಂತೆ. ಹೊದಿಕೆ ಈಗ ಬದಲಾಗುತ್ತಿದೆ.”

“ನಡುವೆ?”

“ನಡುವೆ ಏನು? ಹಳೇ ರೋಲು ಇದ್ದವಲ್ಲ. ಅವನ್ನು ಎಸೆಯುವುದಕ್ಕಾಗುತ್ತದೆಯೇ? ಮುಗಿಯುವವರೆಗೆ ಓಡಿಸುತ್ತಾರೆ. ಎಲ್ಲರೂ ಹಾಗೇ ಅಲ್ಲವೇ, ಉಲ್ಟಾ ಸಾಹೇಬ್?”

ಎಲ್ಲರೂ ಹಾಗೇ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಮುದ್ರಣದಲ್ಲಿದ್ದ ಇಂದುಶೇಖರ ಅವರಿಗೆ ಅದು ಗೊತ್ತಿತ್ತು. ವಿಳಾಸ ಬದಲಾದರೆ, ತೂಕದ ಸಾಲು ಬದಲಾದರೆ, ಹಳೇ ರೋಲು ತೀರುವವರೆಗೂ ಅದೇ ಓಡುತ್ತದೆ. ಆದರೆ ಅಂಗಡಿಯಲ್ಲಿ ಪೊಟ್ಟಣ ಹಿಡಿದು ನಿಂತಾಗ ಒಂದು ಸಲವೂ ಅದು ಅವರ ನೆನಪಿಗೆ ಬಂದಿರಲಿಲ್ಲ. ಅಲ್ಲಿ ಅವರು ಓದುತ್ತಿದ್ದುದು ತಾವೇ ಸಹಿ ಹಾಕಿದ ಅಕ್ಷರಗಳನ್ನು.

ಬಿಸ್ಕತ್ತಿನ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಭಾಟಿಯಾ ಫೋನ್ ಹಚ್ಚಿಕೊಟ್ಟರು. ಹೊಸ ಮಿಶ್ರಣ ಅಕ್ಟೋಬರ್ 16ರಿಂದ ಎಂದು ಆ ಕಡೆಯ ಧ್ವನಿ ಹೇಳಿತು. ಏಕೆ, ಅಚ್ಚಿನಲ್ಲಿ ಏನಾದರೂ ತೊಂದರೆಯೇ? ಮನೆಯಲ್ಲಿದ್ದ ಪೊಟ್ಟಣದ ಮೇಲಿನ ತಯಾರಿಕೆಯ ತಾರೀಖು ಇಂದುಶೇಖರ ಅವರಿಗೆ ನೆನಪಿತ್ತು. ಲೇಬಲ್ಲಿನ ಯಾವುದೂ ಅವರಿಗೆ ಮರೆಯುವುದಿಲ್ಲ. ಅಕ್ಟೋಬರ್ 30.

ಗಂಟೆ ಹತ್ತು ಮೂವತ್ತೆರಡು. ಟೀಚರ್ ಮೊಬೈಲಿಗೆ ಕರೆ ಮಾಡಿದರು. ವ್ಯಾಪ್ತಿ ಪ್ರದೇಶದ ಹೊರಗಿದೆ ಎಂಬ ಉತ್ತರ ಮೊದಲು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬಂತು. ಶಾಲೆಗೆ ಮಾಡಿದರು. ಬಸ್ ಚಾಲಕನ ಬಳಿ ಫೋನಿಲ್ಲ, ಪ್ರಯತ್ನಿಸುತ್ತೇವೆ ಎಂದರು. ಪಕ್ಷಿಧಾಮದ ಕಚೇರಿಯ ಸಂಖ್ಯೆ ಟೆಲಿಫೋನ್ ವಿಚಾರಣೆಯಲ್ಲಿ ಸಿಕ್ಕಿತು, ಅದು ಬರೀ ರಿಂಗಾಯಿತು. ಲೀಲಾವತಿಗೆ ಮಾಡಿದರು.

“ಲೀಲಾ, ಆ ಬಿಸ್ಕತ್‌ನಲ್ಲಿ ಕೋಕೋ ಇದೆ.”

“ಯಾವ ಬಿಸ್ಕತ್?”

“ನಮ್ಮದು. ದಿನಾ ಕೊಡೋದು.”

ಆ ಕಡೆ ಟೈಪ್ ಯಂತ್ರದ ಸದ್ದು ಕೇಳುತ್ತಿತ್ತು. “ರೀ, ಎರಡು ವಾರದಿಂದ ಅದೇ ಪ್ಯಾಕೆಟ್‌ನಿಂದ ತಾನೇ ಕೊಡ್ತಿರೋದು? ಡಬ್ಬಿ ಖಾಲಿ ಬರುತ್ತೆ. ಏನೂ ಆಗಿಲ್ವಲ್ಲ.”

“ಹೌದು.”

“ಮತ್ತೆ?”

ಇಂದುಶೇಖರ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ದಿನಕ್ಕೆರಡು ಬಿಸ್ಕತ್ತು ತಿಂದು ಏನೂ ಆಗಿಲ್ಲವೆಂದರೆ ಕೋಕೋ ತೀರಾ ಕಡಿಮೆ ಇರಬೇಕು, ಅಥವಾ ಅವಳ ಮೈ ಒಗ್ಗಿಸಿಕೊಂಡಿರಬೇಕು. ಅಥವಾ ಎರಡೂ ಅಲ್ಲದೆ, ದಿನದಿಂದ ದಿನಕ್ಕೆ ಏನೋ ಒಳಗೊಳಗೇ ಕೂಡಿಕೊಳ್ಳುತ್ತಿರಬೇಕು. ಇವತ್ತು ಆರು ಬಿಸ್ಕತ್ತು. ಹಿಂದಿನ ಸಲ ಸಣ್ಣದಾಗಿ ಬಂತೆಂದು ನಂಬಬೇಡಿ. ಆಸ್ಪತ್ರೆ ಗುಡಗಾಂವ್‌ನಲ್ಲಿ, ಪಕ್ಷಿಧಾಮದಿಂದ ಹದಿನೈದು ಕಿಲೋಮೀಟರ್. ನೀಲಿ ಚೀಲ ಇದೆ, ಆದರೆ ಆಂಪೂಲಿನ ಕತ್ತು ಮುರಿಯಲು ಬಲ್ಲವರು ರಾಮಕೃಷ್ಣಪುರದಲ್ಲಿ ಕೂತಿದ್ದಾರೆ.

“ನಾನೂ ಬರ್ತೀನಿ” ಎಂದರು ಲೀಲಾವತಿ.

“ನೀನು ಅಲ್ಲೇ ಇರು, ನಿನ್ನ ಕಾಯ್ತಾ ಕೂತ್ರೆ ತಡವಾಗುತ್ತೆ. ಸ್ಕೂಲಿನೋರು ನಿನ್ನ ನಂಬರ್‌ಗೇ ಮಾಡೋದು. ನಾನು ಹೋಗ್ತೀನಿ.”

ಹತ್ತು ಐವತ್ತಕ್ಕೆ ಭಾಟಿಯಾ ತಮ್ಮ ಸ್ಕೂಟರನ್ನು ಗೇಟಿಗೆ ತಂದರು. “ಚಲೋ, ಬೈಠೋ. ಈ ಸ್ಥಿತಿಯಲ್ಲಿ ಆಟೋ ಹತ್ತಿದರೆ ತಪ್ಪು ವಿಳಾಸ ಹೇಳುತ್ತೀರಿ.”

ಮೆಹ್ರೌಲಿಯವರೆಗೆ ದಾರಿ ಸಲೀಸಾಗಿತ್ತು. ಗುಡಗಾಂವ್ ಹತ್ತಿರವಾದಂತೆ ರಸ್ತೆ ಅಗೆದಿದ್ದರು. ಹೊಸ ಹೆದ್ದಾರಿಯ ಕಂಬಗಳ ನಡುವೆ ಲಾರಿಗಳು ನಿಂತೇ ಇದ್ದವು. ಭಾಟಿಯಾ ಅವುಗಳ ಸಂದಿಯಲ್ಲಿ ಸ್ಕೂಟರ್ ತೂರಿಸುತ್ತ, ಎಲ್ಲರಿಗೂ ಕೈಯೆತ್ತಿ ಬೈಯುತ್ತ ಹೋದರು. ಹಿಂದೆ ಕೂತ ಇಂದುಶೇಖರ ಒಂದು ಕೈಯಲ್ಲಿ ಮೊಬೈಲ್ ಹಿಡಿದಿದ್ದರು. ಮಗಳಿಗೆ ಏನಾದರೂ ಆದರೆ ಬೇಕೆಂದೇ ಕೊಂಡ ಮೊಬೈಲ್ ಅದು. ಹನ್ನೊಂದಾಯಿತು. ಈಗ ತಿಂಡಿಯ ಹೊತ್ತು. ಡಬ್ಬಿ ತೆರೆಯುತ್ತಿರುತ್ತಾಳೆ. ಹನ್ನೊಂದೂಕಾಲು. ಆಸ್ಪತ್ರೆಯ ವಾರ್ಡಿನಲ್ಲಿ ಕೆಮ್ಮು ಬಂದದ್ದು ಇಪ್ಪತ್ತೈದನೇ ನಿಮಿಷಕ್ಕೆ. ಹನ್ನೊಂದೂವರೆಯ ಹೊತ್ತಿಗೆ ಅವರು ಮೊಬೈಲನ್ನು ಕಿವಿಯಿಂದ ಇಳಿಸುತ್ತಲೇ ಇರಲಿಲ್ಲ. ಹನ್ನೊಂದು ನಲವತ್ತಕ್ಕೆ ಗಡಿಯಾರ ನೋಡುವುದನ್ನು ನಿಲ್ಲಿಸಿದರು.

“ಒಂದು ಮಾತು ಕೇಳಲಾ?” ಎಂದು ಭಾಟಿಯಾ ಗಾಳಿಯಲ್ಲಿ ಕೂಗಿದರು. “ಎರಡು ವಾರ ತಿಂದು ಏನೂ ಆಗಿಲ್ಲ ಅಂದಮೇಲೆ ನಾವು ಏಕೆ ಸಾಯುತ್ತಾ ಹೋಗುತ್ತಿದ್ದೇವೆ?”

ಇಂದುಶೇಖರ ಇನ್ನೊಮ್ಮೆ ಟೀಚರ್ ಸಂಖ್ಯೆ ಒತ್ತಿದರು. ಭಾಟಿಯಾ ಮತ್ತೆ ಕೇಳದೆ ವೇಗ ಹೆಚ್ಚಿಸಿದರು.

ಹನ್ನೆರಡು ಮೂವತ್ತೈದಕ್ಕೆ ಅವರು ಪಕ್ಷಿಧಾಮದ ಗೇಟು ತಲುಪಿದಾಗ ಶಾಲೆಯ ಹಳದಿ ಬಸ್ಸು ನೆರಳಿನಲ್ಲಿ ನಿಂತಿತ್ತು. ಸುತ್ತ ಯಾರೂ ಓಡಾಡುತ್ತಿರಲಿಲ್ಲ. ಅದು ಒಳ್ಳೆಯ ಸೂಚನೆಯೋ ಅಲ್ಲವೋ ಎಂದು ಇಂದುಶೇಖರ ಅವರಿಗೆ ಹೊಳೆಯಲಿಲ್ಲ. ಕೆರೆಯ ಏರಿಯ ಮೇಲೆ ಮಕ್ಕಳು ಇಬ್ಬಿಬ್ಬರಾಗಿ ಕೈ ಹಿಡಿದು ಸಾಲಾಗಿ ಬರುತ್ತಿದ್ದರು. ಅವರು ಸಾಲನ್ನು ಕೊನೆಯಿಂದ ನೋಡತೊಡಗಿದರು. ಕೊನೆಯಿಂದ ಐದನೇ ಜೋಡಿಯಲ್ಲಿ ಗಾನವಿ ಇದ್ದಳು. ಬಾಯ್ತುಂಬ ಮಾತಾಡುತ್ತಿದ್ದಳು.

ಅಪ್ಪನನ್ನು ಕಂಡು ಅವಳ ಮಾತು ನಿಂತಿತು.

“ಅಪ್ಪಾ! ನೀನ್ಯಾಕೆ ಬಂದೆ? ಸಬ್ ದೇಖ್ ರಹೇ ಹೈಂ.” ಎಲ್ಲರೂ ನೋಡುತ್ತಿದ್ದಾರೆ ಎಂದು ಅವಳ ಮುಜುಗರ.

ಅವರು ಅವಳ ಗಲ್ಲ ಎತ್ತಿ ತುಟಿ ನೋಡಿದರು, ಕತ್ತು ನೋಡಿದರು, ತೋಳು ಮೇಲಕ್ಕೆ ಸರಿಸಿ ನೋಡಿದರು. “ಉಸಿರು ಎಳಿ” ಎಂದರು. ಎಳೆದಳು. ಸದ್ದಿರಲಿಲ್ಲ. ಟೀಚರ್ ಗಾಬರಿಯಿಂದ ಓಡಿಬಂದರು. ಅವರ ಮೊಬೈಲು ಚೀಲದಲ್ಲಿತ್ತು, ಬೆಳಗಿನಿಂದ ಸಿಗ್ನಲ್ ಇರಲಿಲ್ಲ. ಭಾಟಿಯಾ ಅವರನ್ನು ಪಕ್ಕಕ್ಕೆ ಕರೆದು ವಿಷಯ ಹೇಳುತ್ತಿರುವಾಗ, ಇಂದುಶೇಖರ ಮಗಳನ್ನು ಒಂದು ಕಲ್ಲುಬೆಂಚಿನ ಮೇಲೆ ಕೂರಿಸಿದರು.

“ಬಿಸ್ಕತ್ ತಿಂದ್ಯಾ?”

ಅವಳು ಬೂಟಿನ ತುದಿಯಿಂದ ಮಣ್ಣು ಕೆದಕಿದಳು.

“ಎಷ್ಟು ತಿಂದೆ? ಆರೂ?”

“ತಿಂದಿಲ್ಲ.”

“ಡಬ್ಬಿ ತೋರ್ಸು.”

ಡಬ್ಬಿ ಖಾಲಿಯಿತ್ತು. ಅವಳು ಕೆರೆಯ ಕಡೆ ನೋಡುತ್ತ ಹೇಳಿದಳು. “ಬೆಂಚ್‌ಮೇಟ್‌ಗೆ ಕೊಟ್ಟೆ. ಅವಳು ಅವರಮ್ಮ ಕರಿದ ಮಠರಿ ಕೊಡ್ತಾಳೆ. ಡೈಲೀ.”

“ಡೈಲಿ ಅಂದ್ರೆ? ಎಷ್ಟು ದಿನದಿಂದ?”

“ಹೊಸ ಪ್ಯಾಕೆಟ್ ತೆಗೆದ್ಯಲ್ಲ, ಅವತ್ತಿಂದ. ಫಸ್ಟ್ ಡೇ ಒಂದು ಕಚ್ಚಿದೆ. ಜೀಭ್ ಮೇ ಖುಜಲಿ ಹುಯೀ. ಉಗುಳ್ಬಿಟ್ಟೆ. ಬಾಯಿ ತೊಳ್ಕೊಂಡೆ.”

ನಾಲಿಗೆ ತುರಿಸಿತು. ಲೇಬಲ್ಲು ಹೇಳದ್ದನ್ನು ಅವಳ ನಾಲಿಗೆ ಎರಡು ವಾರ ಮೊದಲೇ ಹೇಳಿತ್ತು. ದಿನವೂ ಖಾಲಿ ಬರುತ್ತಿದ್ದ ಡಬ್ಬಿಯನ್ನು ನೋಡಿ, ಬಿಸ್ಕತ್ತು ಮಗಳ ಹೊಟ್ಟೆ ಸೇರಿದೆ ಎಂದು ಅವರ ಕಣ್ಣು ತಾನೇ ಕಲ್ಪಿಸಿಕೊಂಡಿತ್ತು.

“ಯಾಕಮ್ಮಾ ಹೇಳ್ಲಿಲ್ಲ?” ಅವರ ಧ್ವನಿ ಏರಿತು. “ಟಾಫಿ ಎಲ್ಲಾ ತಂದು ಕೊಡ್ತೀಯ. ಇದನ್ನ್ಯಾಕೆ ಮುಚ್ಚಿಟ್ಟೆ?”

“ಹೇಳಿದ್ರೆ ಇಲ್ಲಿಗೆ ಕಳಿಸ್ತಿದ್ಯಾ?”

ಅವಳು ಅಳುತ್ತಿರಲಿಲ್ಲ. ಲೆಕ್ಕದ ಮೇಷ್ಟರಿಗೆ ಉತ್ತರ ಹೇಳುವಂತೆ ನೇರವಾಗಿ ಕೇಳಿದಳು. ಇಂದುಶೇಖರ ಅವಳ ಪಕ್ಕ ಕೂತರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

“ಇಲ್ಲ” ಎಂದರು.

“ದೇಖಾ?” ಎಂದಳು ಗಾನವಿ.

ಅಂದು ಸಂಜೆ ಲೀಲಾವತಿ ಕೂಗಾಡಲಿಲ್ಲ. ಉಳಿದ ಬಿಸ್ಕತ್ತನ್ನು ಕಸದ ಬುಟ್ಟಿಗೆ ಹಾಕಿದರು. ಮಗಳನ್ನು ಹತ್ತಿರ ಕೂರಿಸಿಕೊಂಡು ಜಡೆ ಬಿಚ್ಚಿ ಮತ್ತೆ ಹೆಣೆದರು. ಅವಳು ಆಡಲು ಹೋದ ಮೇಲೆ ಗಂಡನ ಕಡೆ ತಿರುಗಿದರು.

“ಅವಳು ನಮ್ಮನ್ನ ನೋಡಿ ಹೆದರ್ತಾಳೆ ರೀ, ಕೋಕೋಗಲ್ಲ. ಇವತ್ತು ನಾಲಿಗೆ ತುರಿಸ್ತು ಅಂತ ಹೇಳ್ಲಿಲ್ಲ. ನಾಳೆ ಉಸಿರು ಕಟ್ತಿದೆ ಅಂತಾನೂ ಹೇಳ್ದೆ ಕೂತ್ರೆ?”

“ಹಾಗಾದ್ರೆ ಏನ್ ಮಾಡೋಣ? ಏನಾದ್ರೂ ಆಗ್ಲಿ ಅಂತ ಕಳಿಸೋದಾ?”

“ನಂಗೆ ಗೊತ್ತಿಲ್ಲ. ಅಕ್ಷರ ಓದೋರು ನೀವು, ಓದಿ.”

ಮಾರನೆಯ ದಿನ ಪ್ರೂಫ್ ಅವರ ಮೇಜಿನ ಮೇಲೆ ಹಾಗೇ ಇತ್ತು. ಇಂದುಶೇಖರ ಕಾರ್ಖಾನೆಗೆ ಫೋನ್ ಮಾಡಿ ಹಳೇ ರೋಲು ಇನ್ನೆಷ್ಟು ದಿನ ಓಡುತ್ತದೆ ಎಂದು ಕೇಳಿದರು. ನಲವತ್ತು ದಿನ. ಹಳೇ ಪೊಟ್ಟಣಗಳ ಮೇಲೆ ಒಂದು ಚೀಟಿಯನ್ನಾದರೂ ಅಂಟಿಸಬಹುದಲ್ಲ ಎಂದರು. ಕೋಕೋ ವಿಷವಲ್ಲವಲ್ಲ ಸಾರ್, ಹಸಿರು ಚುಕ್ಕೆಯೂ ಇದೆ ಎಂದು ಆ ಧ್ವನಿ ಸೌಜನ್ಯದಿಂದ ಉತ್ತರಿಸಿತು. ಅವರು ಫೋನಿಟ್ಟು ಪ್ರೂಫನ್ನು ಪೂರ್ತಿ ಓದಿ ಸಹಿ ಹಾಕಿದರು. ನಿಜ ಹೇಳುವ ಹೊದಿಕೆ ಇದೊಂದೇ, ಇದು ಬೇಗ ಹೊರಬರಲಿ ಎಂದು ಭಾಟಿಯಾ ಅವರನ್ನು ಕೇಳಿಕೊಂಡರು. ಭಾಟಿಯಾ ಒಂದು ಸೋಪಿನ ಕೆಲಸವನ್ನು ಹಿಂದಕ್ಕೆ ತಳ್ಳಿ, ಒಂಬತ್ತು ದಿನ ಮೊದಲೇ ಅದನ್ನು ಯಂತ್ರಕ್ಕೆ ಹಾಕಿಸಿದರು.

ಅಪ್ಪ ಮಗಳ ನಡುವೆ ಹೊಸ ಒಪ್ಪಂದವಾಯಿತು. ಬಾಯಿಯಲ್ಲಿ, ಮೈಯಲ್ಲಿ ಏನೇ ಆದರೂ ಅವಳು ಆಗಲೇ ಹೇಳಬೇಕು. ಹೇಳಿದ್ದಕ್ಕೆ ಅವರು ಏನನ್ನೂ ರದ್ದು ಮಾಡಬಾರದು. ವೈದ್ಯೆ ಬೇಡವೆಂದರೆ ಮಾತ್ರ ಬೇಡ. ಅಂಗಡಿಯಲ್ಲಿ ಓದುವುದು ಮುಂದುವರಿಯಿತು. ಆದರೆ ಓದಿ ಮುಗಿದ ಮೇಲೂ ಇಂದುಶೇಖರ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಲ್ಲುತ್ತಿದ್ದರು. ಅಂಗಡಿಯವನು ಛೇಡಿಸುವುದನ್ನು ಬಿಟ್ಟ.

ಫೆಬ್ರವರಿಯಲ್ಲಿ ಶಾಲೆಯಿಂದ ಇನ್ನೊಂದು ಕಾಗದ ಬಂತು. ಜೈಪುರಕ್ಕೆ ಎರಡು ದಿನ. ಹೊರಡುವುದು ಸೋಮವಾರ. ನೀಲಿ ಚೀಲದ ಜೊತೆಗೆ ಈ ಸಲ ಶಾಲೆಯ ನರ್ಸ್ ಹೋಗುತ್ತಿದ್ದರು. ಲೀಲಾವತಿ ಆಕೆಯನ್ನು ಮನೆಗೆ ಕರೆದು ಕಿತ್ತಳೆ ಹಣ್ಣು ಕೊಟ್ಟು, ಆಂಪೂಲು ಮುರಿಯುವುದನ್ನು ಮಾಡಿಸಿ ನೋಡಿದ್ದರು. ಒಪ್ಪಿಗೆ ಕಾಗದಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಶನಿವಾರ ಸಂಜೆ ಐದು ಗಂಟೆಗೆ ಗಾನವಿ ಅಪ್ಪನ ಕುರ್ಚಿಯ ಪಕ್ಕ ಬಂದು ನಿಂತಳು.

“ಅಪ್ಪಾ, ಒಂದು ವಿಷಯ.”

“ಏನು?”

“ನೀನು ತಂದ ಹೊಸ ನಮ್ಕೀನ್ ತಿಂದೆ. ತುಟಿ ಥೋಡಾ ಚುರುಚುರು ಅಂತಿದೆ.” ಒಂದು ಕ್ಷಣ ಬಿಟ್ಟು ಹೇಳಿದಳು. “ಖಾರಕ್ಕೂ ಇರಬಹುದು. ನಂಗೊತ್ತಿಲ್ಲ. ಹೇಳು ಅಂದಿದ್ಯಲ್ಲ, ಹೇಳಿದೆ.”

ಹೇಳಿ ಅವಳು ತನ್ನ ತುಟಿಯನ್ನು ಮುಟ್ಟಿಕೊಳ್ಳಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಇಂದುಶೇಖರ ಕೈಗಳನ್ನು ತೊಡೆಯ ಮೇಲೆ ಒತ್ತಿಟ್ಟುಕೊಂಡರು. ಪೊಟ್ಟಣ ತರಿಸಿ ಓದಿದರು. ಕೋಕೋ ಇರಲಿಲ್ಲ, ಕೆಂಪು ಮೆಣಸಿನ ಪುಡಿ ಇತ್ತು. ಆದರೆ ಲೇಬಲ್ಲಿನ ಮೇಲಿನ ನಂಬಿಕೆ ಅವರಿಗೆ ನವೆಂಬರಿನಲ್ಲೇ ಹೋಗಿತ್ತು. ವೈದ್ಯೆಗೆ ಫೋನ್ ಮಾಡಿದರು. ಎರಡು ಗಂಟೆ ನೋಡಿ, ದದ್ದು, ಊತ, ಕೆಮ್ಮು ಯಾವುದೂ ಬರದಿದ್ದರೆ ಕಳಿಸಿ, ಆ ನಮ್ಕೀನ್ ಮತ್ತೆ ಕೊಡಬೇಡಿ ಎಂದರು ವೈದ್ಯೆ.

ಎರಡು ಗಂಟೆ ಅವರು ಅವಳ ಎದುರಿನ ಕುರ್ಚಿಯಲ್ಲಿ ಕೂತರು. ಅವಳು ಕಾರ್ಟೂನ್ ನೋಡಿದಳು. ಅವರು ಅವಳನ್ನು ನೋಡಿದರು.

“ಅವಳ ಮುಖ ಸವೆದುಹೋಗುತ್ತೆ ರೀ, ಹಾಗ್ ನೋಡಿದ್ರೆ” ಎಂದರು ಲೀಲಾವತಿ ಅಡುಗೆಮನೆಯಿಂದ. ಹಾಗೆನ್ನುತ್ತಲೇ ಅವರೂ ಮೂರು ಸಲ ಬಂದು ನೋಡಿಹೋದರು.

ಏಳಕ್ಕೆ ಚುರುಚುರು ಇರಲಿಲ್ಲ. ಬೇರೇನೂ ಬಂದಿರಲಿಲ್ಲ. ಇಂದುಶೇಖರ ಮತ್ತೂ ಹತ್ತು ನಿಮಿಷ ಕಾದರು. ಆಮೇಲೆ ಒಪ್ಪಿಗೆ ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡರು. ಆರೋಗ್ಯದ ತೊಂದರೆ ಎಂಬ ಸಾಲಿನ ಮುಂದೆ ದೊಡ್ಡ ಅಕ್ಷರಗಳಲ್ಲಿ ಕೋಕೋ ಎಂದು ಬರೆದು, ಅಡಿಗೆರೆ ಎಳೆದರು. ಕೆಳಗಿನ ಸಾಲಿನಿಂದ ಮೇಲಕ್ಕೆ, ಕೊನೆಯ ಪದದಿಂದ ಮೊದಲ ಪದಕ್ಕೆ, ಇಡೀ ಕಾಗದವನ್ನು ಒಮ್ಮೆ ಓದಿದರು. ಪೆನ್ನು ಸಹಿಯ ಜಾಗದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಗಾನವಿ ಟಿವಿಯ ಸದ್ದು ಅಡಗಿಸಿದಳು.

ಸಹಿ ಹಾಕಿದರು. ಅವರು ಎರಡನೆಯ ಸಲ ಓದಲು ಶುರುಮಾಡುವ ಮೊದಲೇ ಅವಳು ಕಾಗದವನ್ನು ಎಳೆದುಕೊಂಡು, ನಾಲ್ಕಾಗಿ ಮಡಿಸಿ, ಶಾಲೆಯ ಚೀಲದೊಳಗೆ ಹಾಕಿ ಜಿಪ್ ಎಳೆದಳು.